ತಾಯಿಯ ಕಡೆಯದು

ಅಕ್ಕನಿಗೆ ತಂಗಿಯೇ ಅಂಡ ಕೊಡುವುದೆಂದು ಭಾನುವಾರದ ಊಟದ ಹೊತ್ತಿಗೆ ತೀರ್ಮಾನವಾಗಿಹೋಯಿತು. ತೀರ್ಮಾನ ಮಾಡಿದವಳು ತಾಯಿ. ಆ ಮನೆಯಲ್ಲಿ ಮಾತಾಡುವುದಕ್ಕೆ ಎಲ್ಲರಿಗೂ ಬಾಯಿತ್ತು, ತೀರ್ಮಾನ ಮಾಡುವುದು ಮಾತ್ರ ತಾಯಿಯ ಕೆಲಸ. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಶಾಲೆ ಮಕ್ಕಳ ಸಮವಸ್ತ್ರ ಹೊಲಿದು ಮೂವರನ್ನು ಸಾಕಿದ ಹೆಂಗಸು ಆಕೆ. ಕತ್ತರಿ ಅವಳ ಕೈಯಲ್ಲಿತ್ತು. ಬಟ್ಟೆಗೂ ಅದೇ, ಮಾತಿಗೂ ಅದೇ.

ದೊಡ್ಡ ಮಗಳು ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ನಲವತ್ತು ಹತ್ತಿರವಾಗುತ್ತಿತ್ತು. ಅವಳದೊಂದು ಗಂಡು ಕೂಸು ಮೂರು ವರ್ಷ ಬದುಕಿ ಹೋಗಿಬಿಟ್ಟಿತ್ತು. ಇನ್ನೊಂದು ಮಗುವಿಗೆ ಮೊದಲು ಕೇಳಿಕೊಂಡು ಬರೋಣವೆಂದು ಅವಳೂ ಅವಳ ಗಂಡನೂ ಊರಾಚೆಯ ಸಂಶೋಧನಾ ಆಸ್ಪತ್ರೆಗೆ ಹೋಗಿದ್ದರು. ಅವಳ ಅಂಡದಲ್ಲೇ ಏನೋ ಕೊರತೆಯಿದೆ, ಆರೋಗ್ಯವಂತ ಹೆಂಗಸೊಬ್ಬಳ ಅಂಡ ಬೇಕು ಎಂದರಂತೆ. ಮನೆಗೆ ಬಂದು ಅವಳು ಹೇಳಿದ್ದು ಅಷ್ಟೇ.

"ಒಂದೇ ಹೊಟ್ಟೇಲಿ ಹುಟ್ಟಿದವರು. ಇದಕ್ಕಿಂತ ಒಳ್ಳೇದು ಇನ್ನೆಲ್ಲಿ ಸಿಗುತ್ತೆ?" ಎಂದಳು ತಾಯಿ.

ಚಿಕ್ಕವಳಿಗೂ ಖುಷಿಯಾಗಿತ್ತು. ಅವಳು ಈಜುಕೊಳದಲ್ಲಿ ಮಕ್ಕಳಿಗೆ ಈಜು ಕಲಿಸುತ್ತಿದ್ದಳು, ಇನ್ನೂ ಮದುವೆಯಾಗಿರಲಿಲ್ಲ. ನನ್ನ ಹತ್ತಿರ ಇದ್ದು ತಿಂಗಳು ತಿಂಗಳು ದಂಡವಾಗುವುದು ತಾನೇ, ಅಕ್ಕ ಬಳಸಿಕೊಳ್ಳಲಿ ಎಂದು ನಗಿಸಿದಳು. ದೊಡ್ಡವಳು ನಗಲಿಲ್ಲ. ತಟ್ಟೆಯ ಅನ್ನವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ತಳ್ಳುತ್ತ ಕೂತಿದ್ದಳು. ಅವಳ ಗಂಡ ಒಮ್ಮೆ ಹೆಂಡತಿಯ ಮುಖ ನೋಡಿ ತಲೆ ತಗ್ಗಿಸಿದ. ತಾಯಿ ಅದನ್ನು ಸಂತೋಷಕ್ಕೆ ಮಾತು ಹೊರಡದ್ದು ಎಂದುಕೊಂಡಳು.

ಆ ಊಟಕ್ಕೆ ಮಹಡಿಯ ಮೇಲಿನವರನ್ನು ಕರೆದಿರಲಿಲ್ಲ. ಮೇಲೆ ಇದ್ದದ್ದು ಹೊರಗಿನವರಲ್ಲ, ಸ್ವಂತ ಮಗ, ಸೊಸೆ, ಅವರ ಪುಟ್ಟಿ. ಮಗ ಬಸ್ಸಿನ ಡ್ರೈವರು. ಸೊಸೆ ಬೇಕರಿಯಲ್ಲಿ ಹಿಟ್ಟು ನಾದುವವಳು. ಎರಡು ವರ್ಷದಿಂದ ಮೇಲಿನ ಒಲೆ ಬೇರೆ, ಕೆಳಗಿನ ಒಲೆ ಬೇರೆ. ಪುಟ್ಟಿ ಮಾತ್ರ ಮೆಟ್ಟಿಲು ಹತ್ತಿ ಇಳಿದು ಎರಡೂ ಕಡೆ ತಿನ್ನುತ್ತಿದ್ದಳು. ಮಗನೂ ಹಾಗೇ, ಆದರೆ ಅವನು ಎರಡೂ ಕಡೆ ಬೈಸಿಕೊಳ್ಳುತ್ತಿದ್ದ. ಅತ್ತ ದರಿ ಇತ್ತ ಪುಲಿ ಎನ್ನುವುದು ಅವನಿಗೆ ದಿನವೂ ಊಟದ ಹೊತ್ತಿಗೆ ಅನುಭವಕ್ಕೆ ಬರುತ್ತಿತ್ತು.

ಬೇರೆಯಾದ ಕಾರಣ ಎಲ್ಲರಿಗೂ ಗೊತ್ತಿತ್ತು. ದೊಡ್ಡವಳ ಕೂಸು ಹುಟ್ಟಿದಾಗಿನಿಂದ ನಿತ್ರಾಣಿ. ನಡೆಯುವುದು ತಡ, ನಾಲ್ಕು ಹೆಜ್ಜೆಗೆ ಸುಸ್ತು. ಒಂದು ಸಂಜೆ ಮೈ ಬೆಚ್ಚಗಿದ್ದರೂ ಮಾವನ ಮನೆಗೆಂದು ಮಹಡಿ ಹತ್ತಿಸಿಕೊಂಡು ಹೋಗಿ, ಸೊಸೆಯ ತೊಡೆಯ ಮೇಲೆ ಕೂತು, ಅವಳು ಬೇಕರಿಯಿಂದ ತಂದ ಬನ್ನು ತಿಂದಿತ್ತು. ಅದೇ ರಾತ್ರಿ ಜ್ವರ ಏರಿತು, ಫಿಟ್ಸ್ ಬಂತು. ಆಸ್ಪತ್ರೆ ಸೇರಿದ ಮಗು ಮನೆಗೆ ಬರಲಿಲ್ಲ. ಆಸ್ಪತ್ರೆಯ ಓಣಿಯಲ್ಲಿ ನೂರು ಜನ ಕೇಳುವಂತೆ ತಾಯಿ ಸೊಸೆಯ ಕಡೆ ಬೆರಳು ತೋರಿಸಿ, ಬೇಕರಿಯಲ್ಲಿ ಮಿಕ್ಕಿದ್ದನ್ನು ತಂದು ತಿನ್ನಿಸಿ ಮಗುವನ್ನು ಕೊಂದವಳು ಇವಳೇ ಎಂದಿದ್ದಳು. ತಾಯಿಗೆ ಕಿವಿ ಮಂದ. ಮೆಲ್ಲಗೆ ಆಡಿದ್ದೇನೆಂದು ಅವಳು ತಿಳಿದದ್ದೂ ಬೀದಿಗೆ ಕೇಳುತ್ತದೆ, ಅವತ್ತಂತೂ ಅವಳು ಮೆಲ್ಲಗೆ ಆಡಿರಲಿಲ್ಲ. ಬನ್ನಿನಿಂದ ಹಾಗಾಗುವುದಿಲ್ಲ ಎಂದು ಡಾಕ್ಟರು ಆಗಲೇ ಹೇಳಿದ್ದರು. ತಾಯಿ ತಲೆಯಾಡಿಸಿದ್ದಳು, ನಂಬಿರಲಿಲ್ಲ. ಯಾರನ್ನಾದರೂ ದೂರದೆ ಅಂಥ ದುಃಖವನ್ನು ಹೊರುವುದು ಅವಳಿಂದ ಆಗುತ್ತಿರಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಸೊಸೆ ಅವತ್ತು ಒಂದು ಮಾತೂ ತಿರುಗಿ ಆಡಲಿಲ್ಲ. ಮರುವಾರ ಸ್ಟವ್ ಕೊಂಡು ತಂದಳು.

ಸಂಶೋಧನಾ ಆಸ್ಪತ್ರೆಗೆ ತಾಯಿ ಇಬ್ಬರು ಹೆಣ್ಣುಮಕ್ಕಳನ್ನೂ ಕರೆದುಕೊಂಡು ಹೋದಳು. ದಾರಿಯುದ್ದಕ್ಕೂ ಅವಳೇ ಮಾತು. ದೊಡ್ಡವಳು ಬಸ್ಸಿನ ಕಿಟಕಿಗೆ ಹಣೆ ಒತ್ತಿ ಕೂತಿದ್ದಳು. ಡಾಕ್ಟರಮ್ಮ ಚಿಕ್ಕವಳ ವಯಸ್ಸು ಕೇಳಿದಳು, ಕಾಯಿಲೆ ಕಸಾಲೆ ಕೇಳಿದಳು, ಇವರಿಗೆ ನೀವು ಏನಾಗಬೇಕು ಎಂದು ಕೇಳಿದಳು.

"ತಂಗಿ."

"ಸ್ವಂತ ತಂಗಿನಾ? ಒಂದೇ ತಾಯಿ?"

"ನಾನೇ ಹೆತ್ತಿದ್ದು, ಇಬ್ಬರನ್ನೂ" ಎಂದಳು ತಾಯಿ, ಬಹುಮಾನಕ್ಕೆ ಕೈಯೊಡ್ಡಿದವಳ ಹಾಗೆ.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ದೊಡ್ಡವಳ ಕಡೆ ನೋಡಿದಳು. "ನಿಮಗೆ ಹೇಳಿದ್ದೆನಲ್ಲ" ಎಂದಳು. ದೊಡ್ಡವಳು ಮಡಿಲಲ್ಲಿದ್ದ ಚೀಲದ ಜಿಪ್ಪನ್ನು ಎಳೆದಳು, ಮುಚ್ಚಿದಳು.

ಆಮೇಲೆ ಡಾಕ್ಟರಮ್ಮನೇ ಬಿಡಿಸಿ ಹೇಳಬೇಕಾಯಿತು. ಮೈಯ ಪ್ರತಿಯೊಂದು ಜೀವಕೋಶದಲ್ಲೂ ಮೈಟೋಕಾಂಡ್ರಿಯ ಎಂಬ ಸಣ್ಣ ಸಣ್ಣ ಕಣಗಳಿರುತ್ತವೆ, ತಿಂದದ್ದನ್ನು ಶಕ್ತಿಯಾಗಿ ಮಾಡುವುದು ಅವೇ. ಮಗುವಿಗೆ ಬಣ್ಣ, ಎತ್ತರ, ಮೂಗು, ಬುದ್ಧಿ ಎಲ್ಲ ಅಪ್ಪ ಅಮ್ಮ ಇಬ್ಬರಿಂದಲೂ ಬರುತ್ತದೆ. ಈ ಕಣಗಳು ಮಾತ್ರ ತಾಯಿಯ ಅಂಡದಲ್ಲೇ ಬರುತ್ತವೆ. ಅವುಗಳಲ್ಲಿ ದೋಷವಿದ್ದರೆ ತಾಯಿಯಿಂದ ಎಲ್ಲ ಮಕ್ಕಳಿಗೂ ಇಳಿಯುತ್ತದೆ, ಒಬ್ಬರಿಗೆ ಹೆಚ್ಚು, ಒಬ್ಬರಿಗೆ ಕಡಿಮೆ, ಕೆಲವರಲ್ಲಿ ಬರೀ ಮಂದ ಕಿವಿಯಾಗಿ, ಸಕ್ಕರೆ ಕಾಯಿಲೆಯಾಗಿ ಕಾಣುವುದೂ ಉಂಟು. ಹೆಣ್ಣುಮಕ್ಕಳು ಮುಂದಕ್ಕೆ ದಾಟಿಸುತ್ತಾರೆ. ಗಂಡುಮಕ್ಕಳದು ಅವರಲ್ಲಿಗೇ ನಿಲ್ಲುತ್ತದೆ. ತೀರಿಕೊಂಡ ಕೂಸಿಗೆ ಇದ್ದದ್ದು ಇದೇ. ಒಂದು ಜ್ವರ ಬಂದರೆ ಸಾಕು, ಅಂಥ ಮೈಗೆ ಅದನ್ನು ತಡೆಯುವ ತ್ರಾಣವಿರುವುದಿಲ್ಲ.

"ನಿಮಗೆ ಕಿವಿ ಯಾವಾಗಿನಿಂದ ಹೀಗೆ?" ಎಂದು ಕೇಳಿದಳು ಡಾಕ್ಟರಮ್ಮ.

ಹೊಲಿಗೆ ಯಂತ್ರದ ಸದ್ದಿಗೆ ಹೋಯಿತು ಎಂದಳು ತಾಯಿ. ಸಕ್ಕರೆ ಕಾಯಿಲೆ ಇದೆಯೇ ಎಂದರೆ ಇದೆ ಎಂದಳು. ನಿಮ್ಮ ತಾಯಿಗೆ ಕಿವಿ ಹೇಗಿತ್ತು ಎಂದು ಕೇಳಿದಾಗ ಅವಳು ಬಾಯಿ ತೆರೆದು ಮುಚ್ಚಿದಳು. ಅವಳ ತಾಯಿಗೆ ನಡುವಯಸ್ಸಿನಲ್ಲೇ ಕಿವಿ ಪೂರ್ತಿ ಹೋಗಿತ್ತು, ಆಕೆ ಜೀವಮಾನದಲ್ಲಿ ಹೊಲಿಗೆ ಯಂತ್ರ ಮುಟ್ಟಿದವಳಲ್ಲ.

ಹಿತ್ತಲ ಗಿಡ ಮದ್ದಲ್ಲ ಎಂದು ಜನ ಕೊಂಕಿಗೆ ಹೇಳುತ್ತಾರೆ. ಈ ಮನೆಯವರ ಪಾಲಿಗೆ ಅದು ಇದ್ದ ಹಾಗೇ ನಿಜವಾಯಿತು.

ಬಸ್ಸು ತಡವಾಗಿತ್ತು. ನಿಲ್ದಾಣದ ಬೆಂಚಿನ ಮೇಲೆ ಮೂವರೂ ಕೂತಿದ್ದರು.

"ನಿನಗೆ ಗೊತ್ತಿತ್ತಾ?" ಎಂದಳು ತಾಯಿ.

"ಗೊತ್ತಿತ್ತು."

"ಮತ್ತೆ ಬಾಯಿ ಬಿಡೋಕೆ ಏನಾಗಿತ್ತು? ಇವಳನ್ನ ಇಲ್ಲೀತನಕ ಎಳ್ಕೊಂಡು ಬಂದ್ವಲ್ಲ."

"ಬೇಡ ಅಂದಿದ್ರೆ ಯಾಕೆ ಅಂತ ಕೇಳ್ತಿದ್ದೆ. ನಿನ್ನಿಂದ ಬಂದಿದ್ದು ಅಂತ ಹೇಗಮ್ಮ ಹೇಳ್ಲಿ?"

ಚಿಕ್ಕವಳ ಕಡೆ ಆಗ ಇಬ್ಬರೂ ನೋಡಲಿಲ್ಲ.

ಆಸ್ಪತ್ರೆಯಲ್ಲಿ ಹೊಸ ವಿಧಾನವೊಂದರ ಪ್ರಯೋಗ ನಡೆಯುತ್ತಿತ್ತು. ಆರೋಗ್ಯವಂತ ಹೆಂಗಸಿನ ಅಂಡದೊಳಗಿನ, ಬಣ್ಣ ಮೂಗು ಬುದ್ಧಿಯನ್ನೆಲ್ಲ ಹೊತ್ತ ತಿರುಳನ್ನು ತೆಗೆದು ಅಲ್ಲಿ ದೊಡ್ಡವಳ ಅಂಡದ ತಿರುಳನ್ನು ಇಡುವುದು, ಆಮೇಲೆ ಅವಳ ಗಂಡನ ವೀರ್ಯ ಸೇರಿಸುವುದು. ಮಗು ಇವರಿಬ್ಬರದೇ, ಕಣಗಳು ಮಾತ್ರ ಕೊಟ್ಟವಳವು. ಫಲ ಸಿಕ್ಕೇ ಸಿಗುತ್ತದೆ ಎಂದು ಯಾರೂ ಬರೆದುಕೊಡಲಿಲ್ಲ. ಅಂಡ ಕೊಡುವವರು ಕಡಿಮೆ, ಕಾಯುವವರ ಸಾಲು ದೊಡ್ಡದು, ದೊಡ್ಡವಳ ವಯಸ್ಸು ನಿಲ್ಲುವುದಿಲ್ಲ. ಮನೆಯ ಕಡೆಯಿಂದಲೇ ಯಾರಾದರೂ ಒಪ್ಪಿದರೆ ಬೇಗ ಆಗುತ್ತದೆ, ಆದರೆ ತಾಯಿಯ ಸಂಬಂಧದ ಹೆಂಗಸು ಆಗಬಾರದು ಎಂದಿದ್ದಳು ಡಾಕ್ಟರಮ್ಮ.

ತಾಯಿ ಆ ವಾರವೆಲ್ಲ ಫೋನು ಹಿಡಿದು ಕೂತಳು. ಅವಳು ನಂಬಿದ್ದ ಹೆಂಗಸರೆಲ್ಲ ಅವಳ ಕಡೆಯವರೇ. ತಂಗಿಯ ಮಗಳು ಆಗಬಹುದೇ ಎಂದಳು. ಆಗುವುದಿಲ್ಲ, ಅದೇ ಅಜ್ಜಿಯ ಸಂತಾನ ಎಂದಳು ಚಿಕ್ಕವಳು. ದೊಡ್ಡಮ್ಮನ ಮಗಳ ಮಗಳು ಎಂದಳು. ಅದೂ ಆಗುವುದಿಲ್ಲ. ಒಬ್ಬೊಬ್ಬರನ್ನೂ ಹೆಸರಿಸುತ್ತ ಹೋದ ಹಾಗೆ, ತನ್ನ ಮನೆತನದ ಹೆಂಗಸರೆಲ್ಲ ಒಬ್ಬೊಬ್ಬರಾಗಿ ಎದ್ದು ಬಾಗಿಲಾಚೆ ಹೋದಂತೆ ಅವಳಿಗೆ ಆಗುತ್ತಿತ್ತು. ಯಂತ್ರದ ಮುಂದೆ ಕೂತರೆ ಕೈ ಓಡದು. ಒಂದೇ ಅಂಗಿಗೆ ಎರಡು ಬಲತೋಳು ಹೊಲಿದು ಮತ್ತೆ ಬಿಚ್ಚಿದಳು.

ಅಷ್ಟರಲ್ಲಿ, ಅವತ್ತು ಆಸ್ಪತ್ರೆಯಲ್ಲಿ ರಕ್ತ ಕೊಟ್ಟು ಬಂದಿದ್ದ ಚಿಕ್ಕವಳ ಪರೀಕ್ಷೆಯ ಫಲಿತಾಂಶ ಬಂತು. ದೋಷ ಅಕ್ಕನಿಗಿಂತ ಕಡಿಮೆ, ಆದರೆ ಇದೆ. ಅವಳು ಅದನ್ನು ಯಾರಿಗೂ ಓದಿ ಹೇಳಲಿಲ್ಲ. ಊಟವಾದ ಮೇಲೆ ತಟ್ಟೆಗಳನ್ನು ಸಿಂಕಿಗೆ ಕುಕ್ಕಿ ತೊಳೆಯುತ್ತಿದ್ದಳು. ಒಡೀತೀಯ, ಮೆಲ್ಲಗೆ ಎಂದಳು ತಾಯಿ.

"ಅಕ್ಕನಿಗೆ ಯಾರು ಕೊಡ್ತಾರೆ ಅಂತ ಮನೆಯೆಲ್ಲ ಹುಡುಕ್ತಿದ್ದೀರಿ. ನಾಳೆ ನನಗೂ ಯಾರಾದ್ರೂ ಕೊಡಬೇಕಾಗುತ್ತೆ ಅಂತ ಒಬ್ಬರಿಗಾದ್ರೂ ಹೊಳೀತಾ?"

ಯಾರಿಗೂ ಹೊಳೆದಿರಲಿಲ್ಲ. ದೊಡ್ಡವಳು ಎದ್ದು ಹೋಗಿ ತಂಗಿಯ ಪಕ್ಕ ನಿಂತು, ಅವಳು ತೊಳೆದ ತಟ್ಟೆಗಳನ್ನು ಒರೆಸತೊಡಗಿದಳು. ತಾಯಿಗೆ ಇಬ್ಬರ ಬೆನ್ನು ಮಾತ್ರ ಕಾಣುತ್ತಿತ್ತು. ತಾನೇನು ಕೊಟ್ಟೆ ಎಂದು ಆಗ ಅವಳಿಗೆ ಪೂರ್ತಿ ಅರ್ಥವಾಯಿತು.

ಅಳಿಯ ಲಿಫ್ಟುಗಳ ರಿಪೇರಿ ಮಾಡುವವನು, ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಆ ದಿನದ ಹತ್ತರಲ್ಲಿ ಕೆಲವನ್ನು ಅವನು ಈಗ ಖರ್ಚು ಮಾಡಿದ.

"ಮೇಲಿದ್ದಾರಲ್ಲ. ಅವರನ್ನ ಕೇಳಬಹುದಲ್ಲ."

ಎಲ್ಲರಿಗೂ ಅದು ಗೊತ್ತಿದ್ದದ್ದೇ. ಸೊಸೆಗೆ ಮೂವತ್ತು. ಆರೋಗ್ಯ ಕಲ್ಲುಗುಂಡು. ಬೇರೆ ತಾಯಿಯ ಮಗಳು. ಅವಳನ್ನು ಹೊರಗಿನವಳು ಎನ್ನುತ್ತಿದ್ದ ತಾಯಿಗೆ ಈಗ ಬೇಕಾದದ್ದು ಅದೇ ಹೊರಗಿನವಳು.

ತಾಯಿ ತಾನು ಹೋಗಲಿಲ್ಲ, ಮಗನನ್ನು ಅಟ್ಟಿದಳು. ಮಗ ಮೇಲೆ ಹೋಗಿ ಹೇಗೆ ಶುರು ಮಾಡುವುದೆಂದು ತಿಳಿಯದೆ ಬಸ್ಸಿನ ಬ್ರೇಕಿನ ವಿಷಯ ಮಾತಾಡಿ, ಪುಟ್ಟಿಯ ಶಾಲೆಯ ವಿಷಯ ಮಾತಾಡಿ, ಕೊನೆಗೆ ಒಂದೇ ಉಸಿರಿಗೆ ಎಲ್ಲ ಒದರಿದ. ಬೇಕಾದವರು ಬಂದು ಕೇಳಲಿ ಎಂದಳು ಅವನ ಹೆಂಡತಿ.

ಮರುದಿನ ದೊಡ್ಡವಳೇ ಮಹಡಿ ಹತ್ತಿದಳು. ಸೊಸೆ ಬೇಕರಿಯಿಂದ ಬಂದು ಕಾಲು ನೀಡಿ ಕೂತಿದ್ದಳು, ಮುಂಗೈಯಲ್ಲಿ ಇನ್ನೂ ಹಿಟ್ಟು ಒಣಗಿತ್ತು. ಅಂಡ ಕೊಡುವುದರ ಕಷ್ಟ ಯಾವುದನ್ನೂ ದೊಡ್ಡವಳು ಮುಚ್ಚಿಡಲಿಲ್ಲ. ದಿನವೂ ಇಂಜೆಕ್ಷನ್ ತೆಗೆದುಕೊಳ್ಳಬೇಕು, ನೋವಿದೆ, ಹೊಟ್ಟೆ ಊದಬಹುದು, ಅಪರೂಪಕ್ಕೆ ಅಪಾಯವೂ ಆಗಬಹುದು. ಮಗುವಿನಲ್ಲಿ ನಿನ್ನ ಮುಖ ಕಾಣುವುದಿಲ್ಲ, ಅದಕ್ಕೆ ಜೀವ ತುಂಬುವ ಕಣಗಳಷ್ಟೇ ನಿನ್ನವು ಎಂದಳು.

"ದುಡಿಯೋದು ನನ್ನದು, ಹೆಸರು ನಿಮ್ಮದು" ಎಂದಳು ಸೊಸೆ. "ಈ ಮನೇಲಿ ಅದು ಹೊಸದೇನಲ್ಲ ಬಿಡಿ ಅತ್ತಿಗೆ."

ದೊಡ್ಡವಳಿಗೆ ನಗುವೂ ಬಂತು, ಅಳುವೂ ಬಂತು. ಬೇಡವೆನ್ನುವುದಾದರೆ ಬೇಡವೆನ್ನು, ನಾನು ಒಂದು ಮಾತೂ ಆಡುವುದಿಲ್ಲ ಎಂದಳು. ಸೊಸೆ ಪುಟ್ಟಿಯ ಕಡೆ ನೋಡಿದಳು. ನನಗೇನಾದರೂ ಆದರೆ ಇವಳ ಗತಿ ಏನು ಎಂದು ಕೇಳಿದಳು. ಒಂದು ವಾರ ಸೊಸೆ ಏನೂ ಹೇಳಲಿಲ್ಲ. ಆ ವಾರ ಕೆಳಗಿನವರು ಮೇಲಿನ ಹೆಜ್ಜೆ ಸಪ್ಪಳವನ್ನೇ ಕೇಳುತ್ತ ಕೂತರು, ಕೇಳಿಸದ ತಾಯಿ ಬೇರೆಯವರ ಮುಖ ನೋಡುತ್ತ ಕೂತಳು. ಆಮೇಲೆ ಸೊಸೆ ಬೇಕರಿಗೆ ರಜೆ ಹಾಕಿ ಒಬ್ಬಳೇ ಆಸ್ಪತ್ರೆಗೆ ಹೋಗಿ ಪರೀಕ್ಷೆ ಮಾಡಿಸಿಕೊಂಡು ಬಂದು, ಆಗುತ್ತದಂತೆ ಎಂದು ಗಂಡನ ಕೈಯಲ್ಲಿ ಹೇಳಿ ಕಳಿಸಿದಳು.

ಇಂಜೆಕ್ಷನ್ ಹೊಟ್ಟೆಯ ಚರ್ಮಕ್ಕೆ ಮನೆಯಲ್ಲೇ ಚುಚ್ಚಬೇಕಿತ್ತು. ಮಗ ಸಿರಿಂಜು ಹಿಡಿದು ಬೆವೆತು ಗೋಡೆಗೆ ಒರಗಿದ. ಸೂಜಿಗೆ ಹೆದರದ ಕೈ ಮನೆಯಲ್ಲಿ ಒಂದೇ ಇತ್ತು, ತಾಯಿಯದು. ಸಕ್ಕರೆ ಕಾಯಿಲೆಗೆ ತನಗೆ ತಾನೇ ಚುಚ್ಚಿಕೊಂಡು ರೂಢಿಯೂ ಇತ್ತು. ಎರಡು ವರ್ಷದಲ್ಲಿ ಮೊದಲ ಸಲ ಅವಳು ಆ ಮೆಟ್ಟಿಲು ಹತ್ತಿದಳು. ಸೊಸೆ ಮಂಚದ ಅಂಚಿಗೆ ಕೂತು ರವಿಕೆಯ ಕೆಳಗೆ ಹೊಟ್ಟೆಯನ್ನು ಸಡಿಲ ಮಾಡಿದಳು.

"ಎಡಕ್ಕಾ, ಬಲಕ್ಕಾ?" ಎಂದಳು ತಾಯಿ.

"ನಿನ್ನೆ ಬಲಕ್ಕೆ ಆಸ್ಪತ್ರೇಲಿ ಕೊಟ್ಟಿದ್ದಾರೆ. ಇವತ್ತು ಎಡಕ್ಕೆ."

ಅಷ್ಟೇ ಮಾತು. ದಿನವೂ ಸಂಜೆ ಹೀಗೇ. ತಾಯಿಯ ಬಾಯಿಯಲ್ಲಿ ಒಂದು ಮಾತು ಬಿಸಿ ತುಪ್ಪದ ಹಾಗೆ ಇತ್ತು, ನುಂಗಲೂ ಆಗದು ಉಗುಳಲೂ ಆಗದು. ಸ್ಪಿರಿಟ್ಟಿನ ಹತ್ತಿ ಒತ್ತಿ ಹಿಡಿದು ಆಡಬೇಕೆಂದುಕೊಳ್ಳುವಳು, ಆಡದೆ ಇಳಿದು ಬರುವಳು. ಮಾತಿನ ಬದಲು ಬೇರೆ ಏನೇನೋ ಮೇಲೆ ಹೋಯಿತು: ಬೇಯಿಸಿದ ಮೊಟ್ಟೆ, ಹಾಲು, ಹಣ್ಣು, ತರಕಾರಿ ಸೂಪು. ಅಳಿಯ ಎಳನೀರು ತಂದು ಇಟ್ಟುಹೋದ. ಚಿಕ್ಕವಳು ಮೇಲಿನ ಬಟ್ಟೆಯನ್ನೆಲ್ಲ ಒಗೆದಳು. ಯಾರೋ ಬಸುರಿಯನ್ನು ನೋಡಿಕೊಂಡ ಹಾಗೆ ನೋಡಿಕೊಂಡರು. ಇದೆಲ್ಲ ಅಂಡಕ್ಕೆ, ನನಗಲ್ಲ ಎಂದು ಸೊಸೆ ಗಂಡನ ಹತ್ತಿರ ಹೇಳಿದಳಂತೆ. ಮಗ ಅದನ್ನು ಕೆಳಗೆ ಬಂದು ಹೇಳಬಾರದಿತ್ತು, ಹೇಳಿದ.

ಇಬ್ಬರ ಅಂಡಗಳನ್ನೂ ಒಂದೇ ಬೆಳಿಗ್ಗೆ ತೆಗೆದರು. ದೊಡ್ಡವಳಿಗೆ ಕೆಲವೇ ಸಿಕ್ಕವು. ಸೊಸೆಗೆ ಬೇಕಾದಷ್ಟಕ್ಕಿಂತ ಹೆಚ್ಚು ಸಿಕ್ಕವು, ಔಷಧಿಗೆ ಅವಳ ಮೈ ಹೆಚ್ಚೇ ಸ್ಪಂದಿಸಿಬಿಟ್ಟಿತ್ತು. ಮನೆಗೆ ಬಂದ ಮೇಲೆ ಅವಳ ಹೊಟ್ಟೆ ಊದತೊಡಗಿತು. ಮೊದಲು ಲಂಗದ ಲಾಡಿ ಬಿಗಿಯಾಯಿತು, ಆಮೇಲೆ ಮಲಗಿದರೆ ಉಸಿರು ಸಿಗದಾಯಿತು. ಮೂತ್ರ ಕಟ್ಟಿತು. ಮಗ ಆಟೋ ತಂದ. ಪುಟ್ಟಿ ಬಾಗಿಲಲ್ಲಿ ನಿಂತು ಅಳುತ್ತಿದ್ದಳು, ಚಿಕ್ಕವಳು ಅವಳನ್ನು ಎತ್ತಿಕೊಂಡಳು. ನಾನೂ ಬರುತ್ತೇನೆ ಎಂದು ತಾಯಿ ಯಾರನ್ನೂ ಕೇಳದೆ ಆಟೋದಲ್ಲಿ ಕೂತಳು.

ರಕ್ತದ ನೀರು ಹೊಟ್ಟೆಯೊಳಗೆ ಸೋರಿ ತುಂಬಿಕೊಂಡಿದೆ, ಕುಡಿದದ್ದನ್ನೂ ಹೊರಗೆ ಹೋದದ್ದನ್ನೂ ಅಳೆಯುತ್ತಿರಬೇಕು, ಮೂತ್ರ ಹೆಚ್ಚಿದರೆ ಪಾರಾದಂತೆ, ಕಡಿಮೆಯಾಗುತ್ತ ಹೋದರೆ ಕಷ್ಟ ಎಂದಿದ್ದರು. ತಾಯಿ ವಾರ್ಡಿನ ಸ್ಟೂಲಿನ ಮೇಲೆ ಕೂತಳು, ಎದ್ದರೆ ಬಚ್ಚಲಿಗೆ, ಕೂತರೆ ಅಲ್ಲೇ. ಮಗ ಡ್ಯೂಟಿಯಿಂದ ಡ್ಯೂಟಿಗೆ ನಡುವೆ ಬಂದು ನಿಲ್ಲುತ್ತಿದ್ದ. ಸೊಸೆಯ ಮುಖ ಹಿಟ್ಟಿನ ಬಣ್ಣಕ್ಕೆ ತಿರುಗಿತ್ತು. ಇವಳಿಗೇನಾದರೂ ಆದರೆ ಪುಟ್ಟಿಗೆ ಏನು ಹೇಳುವುದು, ಮಗನ ಮುಖ ಹೇಗೆ ನೋಡುವುದು ಎಂದು ತಾಯಿ ಯೋಚಿಸುತ್ತಿದ್ದಳು.

ಮೂರನೆಯದೋ ನಾಲ್ಕನೆಯದೋ ದಿನ ಮಧ್ಯಾಹ್ನ ದೊಡ್ಡವಳು ಅದೇ ಆಸ್ಪತ್ರೆಯ ಮಹಡಿಯ ಮೇಲಿದ್ದ ಪ್ರಯೋಗಾಲಯದಿಂದ ಇಳಿದು ಬಂದಳು. ವಾರ್ಡಿನ ಬಾಗಿಲಲ್ಲೇ ನಿಂತಳು, ಒಳಗೆ ಬರಲು ಹಿಂಜರಿದಳು. ಸೊಸೆಯೇ ಕೈಸನ್ನೆ ಮಾಡಿ ಕರೆದು ಏನಾಯಿತು ಎಂದಳು. ತಿರುಳು ಬದಲಿಸಿದ ಅಂಡಗಳಲ್ಲಿ ಹೆಚ್ಚಿನವು ಅರ್ಧಕ್ಕೇ ನಿಂತುಹೋದವು, ಒಂದು ಮಾತ್ರ ಚೆನ್ನಾಗಿ ಬೆಳೆದಿದೆ, ಅದರಲ್ಲಿ ತಿರುಳಿನ ಜೊತೆ ಹೋದ ತನ್ನ ಕಣಗಳು ಲೆಕ್ಕಕ್ಕೆ ಬಾರದಷ್ಟು ಕಡಿಮೆ ಇವೆಯಂತೆ, ಅದನ್ನು ಶೀತದಲ್ಲಿಟ್ಟು ಮುಂದಿನ ತಿಂಗಳು ತನ್ನ ಗರ್ಭಕ್ಕೆ ಬಿಡುತ್ತಾರಂತೆ ಎಂದು ದೊಡ್ಡವಳು ಹೇಳಿದಳು. ಇಷ್ಟು ಹೇಳಿ, ನಿನ್ನನ್ನು ಹೀಗೆ ಮಲಗಿಸಿ ನಾನು ಸಂತೋಷಪಡುವುದು ಹೇಗೆ ಎಂದು ಮಂಚದ ಕಂಬಿ ಹಿಡಿದು ಅತ್ತಳು.

ತಾಯಿ ಸ್ಟೂಲಿನಿಂದ ಎದ್ದಳು.

"ಮಗು ಹೋಗಿದ್ದು ನಿನ್ನ ಕೈಯಿಂದ ಅಲ್ಲ" ಎಂದಳು ಸೊಸೆಗೆ. "ನನ್ನಿಂದ. ನನ್ನಿಂದ ಇವಳಿಗೆ ಬಂತು, ಇವಳಿಂದ ಅದಕ್ಕೆ ಹೋಯ್ತು. ನಾನು ನಿನ್ನ ಮೇಲೆ ಹಾಕಿದೆ. ತಪ್ಪು ಮಾಡಿದೆ."

ಕಿವಿ ಮಂದವಾದವಳ ದನಿ. ವಾರ್ಡಿನ ಉದ್ದಕ್ಕೂ ಮಲಗಿದ್ದ ಹೆಂಗಸರೆಲ್ಲ ತಿರುಗಿ ನೋಡಿದರು. ಬಾಗಿಲಲ್ಲಿ ಡ್ಯೂಟಿ ಬಟ್ಟೆಯಲ್ಲೇ ಬಂದು ನಿಂತಿದ್ದ ಮಗನಿಗೂ ಕೇಳಿಸಿತು.

"ನನಗೆ ಗೊತ್ತು ಅತ್ತೆ" ಎಂದಳು ಸೊಸೆ. ಉಸಿರಿಗೊಮ್ಮೆ ನಿಂತು ನಿಂತು ಹೇಳಿದಳು. "ಪರೀಕ್ಷೆಗೆ ಹೋದ ದಿನವೇ ಡಾಕ್ಟ್ರು ಹೇಳಿದ್ರು. ದಿನಾ ಸಂಜೆ ಸೂಜಿ ಹಿಡ್ಕೊಂಡು ಬರ್ತಿದ್ರಲ್ಲ, ಇವತ್ತು ಹೇಳ್ತಾರೆ ಅಂತ ದಿನಾ ಕಾದೆ."

"ಬಾಯಿ ಬರಲಿಲ್ಲ."

"ಅವತ್ತು ಬಂದಿತ್ತಲ್ಲ." ಸೊಸೆ ದಿಂಬಿನ ಮೇಲೆ ತಲೆ ಹೊರಳಿಸಿದಳು. "ನಾನು ಕೊಟ್ಟಿದ್ದು ನಿಮಗೋಸ್ಕರ ಅಲ್ಲ. ಅತ್ತಿಗೆಗೂ ಅಲ್ಲ ಅನ್ಸುತ್ತೆ. ಆ ಮಗು ನನ್ನನ್ನ ಕಂಡ್ರೆ ಎತ್ಕೋ ಅಂತ ಕೈ ಚಾಚ್ತಿತ್ತು. ಅದಕ್ಕೆ ಕೊಟ್ಟೆ. ನೀವು ಆಡಿದ್ದನ್ನ ನಾನಿನ್ನೂ ಮರೆತಿಲ್ಲ."

ಮಗ ಒಳಗೆ ಬಂದು, ಹೋಗಲಿ ಬಿಡು, ಅಮ್ಮ ಈಗ ಹೇಳಿದರಲ್ಲ ಎಂದು ಹೆಂಡತಿಯ ಕಾಲಿನ ಮೇಲಿನ ಹೊದಿಕೆ ಸರಿಮಾಡಿದ.

"ನೀನು ಸುಮ್ಮನಿರು" ಎಂದಳು ತಾಯಿ. "ಬಿಡೋದು ಬಿಡದೇ ಇರೋದು ಅವಳಿಗೆ ಸೇರಿದ್ದು."

ನರ್ಸು ಬೆಡ್‌ಪ್ಯಾನು ಮತ್ತು ಅಳತೆಯ ಜಗ್ಗು ತಂದು ಮಂಚದ ಕೆಳಗಿಟ್ಟು, ಮನೆಯವರು ಯಾರಾದರೂ ಹಿಡಿಯಿರಿ, ಎಷ್ಟಾಯಿತು ನೋಡಿ ಹೇಳಿ ಎಂದು ಪರದೆ ಎಳೆದು ಹೋದಳು. ಮಗ ಬಗ್ಗಿದ. ಸೊಸೆ ಅವನನ್ನು ತಡೆದು ನೀವು ಹೊರಗಿರಿ ಎಂದಳು. ದೊಡ್ಡವಳು ಕಣ್ಣೊರೆಸಿಕೊಂಡು ಮುಂದೆ ಬರುವಷ್ಟರಲ್ಲಿ ತಾಯಿ ಒಂದು ತೋಳನ್ನು ಸೊಸೆಯ ಸೊಂಟದ ಕೆಳಗೆ ತೂರಿಸಿ ಎತ್ತಿ, ಇನ್ನೊಂದು ಕೈಯಿಂದ ಪ್ಯಾನು ಸರಿಸಿ ಆಗಿತ್ತು. ಊದಿದ ಆ ಮೈ ಭಾರವಾಗಿತ್ತು. ಸೊಸೆ ಬೇಡವೆನ್ನಲಿಲ್ಲ, ಬೀಳದಂತೆ ಅತ್ತೆಯ ಹೆಗಲು ಹಿಡಿದುಕೊಂಡಳು.

ತಾಯಿ ಅದನ್ನು ಬಚ್ಚಲಿಗೆ ಒಯ್ದು, ಜಗ್ಗಿಗೆ ಸುರಿದು, ಕಿಟಕಿಯ ಬೆಳಕಿಗೆ ಎತ್ತಿ ಹಿಡಿದಳು. ಕಣ್ಣು ಕಿರಿದು ಮಾಡಿ ಗೆರೆಗಳನ್ನು ಓದಿದಳು, ನಂಬದೆ ಇನ್ನೊಮ್ಮೆ ಓದಿದಳು. ಬೆಳಗಿನದಕ್ಕೆ ಎರಡರಷ್ಟಿತ್ತು. ನಿಂತಲ್ಲಿಂದಲೇ ಅವಳು ಅದನ್ನು ಸೊಸೆಗೆ ಹೇಳಿದಳು, ಆ ಮಾತು ಓಣಿಯ ಕೊನೆಯವರೆಗೂ ಕೇಳಿಸಿತು.